ಒರೆಸಿದ ಚುಕ್ಕೆ

ಆ ಪ್ರಯೋಗಾಲಯದಲ್ಲಿ ಚುಕ್ಕೆಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಯಾರದೋ ಮೈಯ ಗಂಟಿನಿಂದ ಸೂಜಿಯಲ್ಲಿ ಎಳೆದ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣದಲ್ಲಿ ಅದ್ದಿ, ಮೇಲೊಂದು ತೆಳುಗಾಜು ಅಂಟಿಸಿದರೆ ಸ್ಲೈಡು ಸಿದ್ಧವಾಯಿತು. ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಸಾಲು ಸಾಲಾಗಿ, ಒಂದು ಜೀವಕೋಶವನ್ನೂ ಬಿಡದೆ ನೋಡುವುದು ಒಬ್ಬರ ಕೆಲಸ. ಅನುಮಾನ ಹುಟ್ಟಿಸಿದ ಕೋಶದ ಪಕ್ಕ ನೀಲಿ ಶಾಯಿಯ ಪೆನ್ನಿನಿಂದ ಒಂದು ಚುಕ್ಕೆ ಇಡಬೇಕು. ಚುಕ್ಕೆ ಇದ್ದ ಸ್ಲೈಡು ದೊಡ್ಡ ಡಾಕ್ಟರ ಮೇಜಿಗೆ ಹೋಗುತ್ತದೆ, ಅವರು ಕನ್ನಡಕ ಒರೆಸಿಕೊಂಡು ಕೂತು ನೋಡುತ್ತಾರೆ. ಚುಕ್ಕೆ ಇಲ್ಲದವು ಒಂದು ತಟ್ಟೆಯಲ್ಲಿ ಒಟ್ಟಿಗೆ ಹೋಗುತ್ತವೆ. ಅವುಗಳ ಕಾಗದಕ್ಕೆ ಡಾಕ್ಟರು ಟೀ ಕುಡಿಯುತ್ತ, ಫೋನಿನಲ್ಲಿ ಮಾತಾಡುತ್ತ, ಒಂದೇ ಸಮ ಸಹಿ ಎಳೆಯುತ್ತಾರೆ. ಅಂದರೆ ಚುಕ್ಕೆ ಬಿದ್ದರೆ ಒಬ್ಬರ ಬದಲು ಇಬ್ಬರು ನೋಡಿದ ಹಾಗೆ, ಬೀಳದಿದ್ದರೆ ಒಬ್ಬರೇ. ಆ ಒಬ್ಬರು ಹೆಚ್ಚಿನ ದಿನ ಅಕ್ಕ.

ಇಪ್ಪತ್ತಾರು ವರ್ಷ ಅವಳು ಆ ಕುರ್ಚಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು. ಅಲ್ಲಿ ಎಲ್ಲರೂ ಅವಳನ್ನು ಚುಕ್ಕೆಯಮ್ಮ ಅನ್ನುತ್ತಿದ್ದರು, ಪ್ರೀತಿಯಿಂದಲ್ಲ. ಬೇರೆಯವರು ಒಂದು ಚುಕ್ಕೆ ಇಡುವಲ್ಲಿ ಇವಳು ಆರು ಇಡುತ್ತಿದ್ದಳು. ಡಾಕ್ಟರು ಆರನ್ನೂ ನೋಡಿ, ಆರೂ ಸುಳ್ಳೆಂದು ತಿಳಿದು, ಹಲ್ಲು ಕಡಿಯುತ್ತಿದ್ದರು. ಒಂದು ದಿನ ಅವಳ ಸ್ಲೈಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, ಇದೇನು ಸ್ಲೈಡೋ ಸಿಡುಬೆದ್ದ ಮುಖವೋ ಎಂದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಆದರೆ ನಕ್ಕಿದ್ದು ಬಾಯಿ ಮಾತ್ರ. ಅಂದು ಮನೆಗೆ ಹೋಗಿ ಊಟ ಮಾಡಲಿಲ್ಲ. ಮರುದಿನದಿಂದ ಪೆನ್ನು ಎತ್ತುವಾಗಲೆಲ್ಲ ಕೈ ಒಂದು ಗಳಿಗೆ ತಡೆಯತೊಡಗಿತು. ಡಾಕ್ಟರಿಗೆ ಸಮಾಧಾನವಾಯಿತು, ಕೊನೆಗೂ ಕೆಲಸ ಕಲಿತಳು ಅಂದುಕೊಂಡರು.

ಅದಾಗಿ ಎರಡೇ ವಾರಕ್ಕೆ ತಂಗಿಯ ಕುತ್ತಿಗೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು.

ತಂಗಿ ಹನ್ನೆರಡು ವರ್ಷಕ್ಕೆ ಚಿಕ್ಕವಳು. ತಾಯಿ ಹೋದಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಎಲ್ಲ ಅಕ್ಕನೇ. ಅಕ್ಕ ಮದುವೆಯಾಗಲಿಲ್ಲ, ತಂಗಿಗೆ ಬಸ್ಸು ಓಡಿಸುವ ಒಬ್ಬ ಒಳ್ಳೆಯ ಗಂಡನ್ನು ನೋಡಿ ಮದುವೆ ಮಾಡಿ, ಅವರ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಳು. ಆ ಮನೆಯಲ್ಲಿ ತಂಗಿಯ ಬಾಯಿಂದ ದಿನಕ್ಕೆ ನೂರು ಸಲ ಬರುವ ಮಾತು "ಅಕ್ಕ". ಉಪ್ಪು ಎಲ್ಲಿ ಅಕ್ಕ, ಛತ್ರಿ ಎಲ್ಲಿ ಅಕ್ಕ, ಇವರಿಗೆ ಸ್ವಲ್ಪ ಹೇಳು ಅಕ್ಕ. ಆ ಕರೆ ಕೇಳದ ದಿನ ಅಕ್ಕನಿಗೆ ದಿನವೇ ಅನಿಸುತ್ತಿರಲಿಲ್ಲ.

ತಂಗಿಯೂ ಕೋಶದ ಬಾಬತ್ತಿನವಳೇ. ಅಕ್ಕ ಪರದೆ ಎಳೆದ ಕೋಣೆಯಲ್ಲಿ ಕೋಶ ನೋಡುವವಳು, ತಂಗಿ ಹಾಡುಹಗಲಲ್ಲಿ ಕರಿಹಲಗೆಯ ಮೇಲೆ ಕೋಶ ಬರೆಯುವವಳು. ಶಾಲೆಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಹೇಳುತ್ತಿದ್ದಳು. ಕೋಶ ಅಂದರೆ ಒಂದು ಮನೆ ಅನ್ನುವುದು ಅವಳ ಪಾಠದ ಮೊದಲ ಮಾತು. ಪೊರೆ ಅದರ ಗೋಡೆ, ಬೇಕಾದವರನ್ನು ಒಳಗೆ ಬಿಡುತ್ತದೆ, ಬೇಡದವರನ್ನು ಹೊರಗೇ ನಿಲ್ಲಿಸುತ್ತದೆ. ಮೈಟೊಕಾಂಡ್ರಿಯ ಅಡುಗೆಮನೆ, ಅಲ್ಲಿ ಒಲೆ ಆರಿದರೆ ಇಡೀ ಮನೆಯೇ ತಣ್ಣಗೆ. ನಡುವೆ ಕೋಶಕೇಂದ್ರ, ಅದು ಮನೆಯ ಯಜಮಾನಿ, ಬೀಗದ ಕೈಯೂ ಮನೆಯ ಪತ್ರಗಳೂ ಅವಳ ಹತ್ತಿರವೇ. ಮನೆ ಎರಡಾಗುವ ಮೊದಲು ಯಜಮಾನಿ ಒಂದೊಂದು ಪತ್ರಕ್ಕೂ ನಕಲು ಮಾಡಿಸುತ್ತಾಳೆ. ವರ್ಣತಂತು ಅನ್ನುವುದು ಆ ಪತ್ರಗಳ ಕಟ್ಟು. ಆಮೇಲೆ ಕಟ್ಟುಗಳು ಸಮಸಮವಾಗಿ ಎರಡು ಕಡೆಗೆ ಸರಿಯುತ್ತವೆ, ಮನೆಯ ನಡು ಹಿಂಡಿದ ಹಾಗೆ ಸಣ್ಣಗಾಗುತ್ತದೆ, ಒಂದಿದ್ದದ್ದು ಎರಡಾಗುತ್ತದೆ. ಜಗಳವಿಲ್ಲದೆ ಆಸ್ತಿ ಪಾಲಾಗುವುದು ಪ್ರಪಂಚದಲ್ಲಿ ಇದೊಂದೇ ಕಡೆ ಎಂದು ಅವಳು ಹೇಳಿದಾಗ ಮಕ್ಕಳು ನಗುತ್ತಿದ್ದರು, ತಮ್ಮ ಮನೆಗಳಲ್ಲಿ ಪಾಲಿನ ಜಗಳ ನೋಡಿದವರೇ ಅಲ್ಲವೇ.

ಅವಳ ತರಗತಿಯಲ್ಲಿ ಎರಡು ನಿಯಮಗಳಿದ್ದವು, ಪ್ರಾಣ ಹೋದರೂ ಬದಲಾಗುತ್ತಿರಲಿಲ್ಲ. ಹಲಗೆಯ ಮೇಲೆ ತಪ್ಪು ಬರೆದವರೇ ಎದ್ದು ಬಂದು ತಿದ್ದಬೇಕು, ತಿದ್ದಿದ ಮೇಲೆ ಯಾಕೆ ತಪ್ಪಾಯಿತು ಅನ್ನುವುದನ್ನು ಎಲ್ಲರೆದುರು ಹೇಳಬೇಕು. ಇದು ಒಂದು. ಗಂಟೆ ಹೊಡೆದ ಮೇಲೆ ಕೊಟ್ಟ ಉತ್ತರ ಎಷ್ಟೇ ಸರಿಯಿದ್ದರೂ ಅದಕ್ಕೆ ಅಂಕವಿಲ್ಲ. ಇದು ಇನ್ನೊಂದು. ಮಕ್ಕಳು ಅತ್ತರೂ ಅವಳು ಕರಗುತ್ತಿರಲಿಲ್ಲ.

ಕುತ್ತಿಗೆಯ ಗಂಟು ಗೋಲಿಯಷ್ಟಿತ್ತು, ನೋವಿರಲಿಲ್ಲ. ಸೂಜಿ ಹಾಕಿಸಿ ನೋಡೋಣ ಎಂದು ಅಕ್ಕನೇ ಪ್ರಯೋಗಾಲಯಕ್ಕೆ ಕರೆದೊಯ್ದಳು. ಅಲ್ಲಿ ಗೋಡೆಗೆ ಅಂಟಿಸಿದ ನಿಯಮಗಳಲ್ಲಿ ಒಂದು, ಮನೆಯವರ ಸ್ಲೈಡನ್ನು ಮನೆಯವರು ನೋಡಕೂಡದು ಎಂದಿತ್ತು. ಪ್ರೀತಿ ಇದ್ದ ಕಣ್ಣಿಗೆ ಇರುವುದು ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ ಅನ್ನುವುದು ಅದರ ಅರ್ಥ. ಆದರೆ ಸ್ಲೈಡು ನೋಡುವ ಇನ್ನೊಬ್ಬಾಕೆ ಮಗಳ ಬಾಣಂತನಕ್ಕೆಂದು ರಜೆ ಹಾಕಿದ್ದಳು. ಇನ್ನು ತಂಗಿ, ಶಾಲೆ ಮುಗಿಸಿ ಬೆರಳಲ್ಲಿ ಸೀಮೆಸುಣ್ಣದ ಪುಡಿ ಮೆತ್ತಿಕೊಂಡೇ ಬಂದವಳು, ನನ್ನ ಕೋಶ ನಾನೂ ನೋಡಬೇಕು ಎಂದು ಹಟ ಹಿಡಿದಳು. ಇಷ್ಟು ವರ್ಷ ಪುಸ್ತಕದ್ದನ್ನೇ ಬರೆದೂ ಬರೆದೂ ಸಾಕಾಗಿದೆ, ಒಂದು ಸಲ ನಿಜವಾದ್ದು ತೋರಿಸು ಅಂದಳು. ತಂಗಿ ಹಟ ಹಿಡಿದಾಗ ಅಕ್ಕನಿಗೆ ಯಾವತ್ತೂ ನಿಯಮ ನೆನಪಾದದ್ದಿಲ್ಲ.

ಹೊಸಬರಿಗೆ ಕಲಿಸಲೆಂದು ತಂದ ಒಂದು ಮೈಕ್ರೋಸ್ಕೋಪಿನಲ್ಲಿ ಇಬ್ಬರು ಎದುರು ಬದುರು ಕೂತು ಒಂದೇ ಸ್ಲೈಡನ್ನು ನೋಡಬಹುದಿತ್ತು. ಹಾಗೆ ಕೂತರು. ಸಾಸಿವೆ ಚೆಲ್ಲಿದ ಹಾಗೆ ಸಣ್ಣ ದುಂಡು ಕೋಶಗಳು, ಸಾವಿರಾರು. ಅಕ್ಕ ಸಾಲು ಹಿಡಿದು ಸ್ಲೈಡು ಸರಿಸುತ್ತ ಹೋದಳು. ತಂಗಿ ಎದುರಿನಿಂದ, ಇದು ನಾನು, ಇದೂ ನಾನು, ಅಬ್ಬಾ ಎಷ್ಟೊಂದು ನಾನು ಎಂದು ಬೆರಗಾಗುತ್ತಿದ್ದಳು. ತೆಳುಗಾಜಿನ ಅಂಚಿನ ಹತ್ತಿರ, ಕೊನೆಯ ಸಾಲಿಗೆ ಮೊದಲಿನ ಸಾಲಿನಲ್ಲಿ, ಅಕ್ಕನ ಕೈ ನಿಂತಿತು.

ಅಲ್ಲೊಂದು ಕೋಶ, ಸುತ್ತಲಿನ ಕೋಶಗಳ ಎಂಟು ಪಟ್ಟು ದೊಡ್ಡದು. ಒಳಗೆ ಎರಡು ಕೋಶಕೇಂದ್ರಗಳು ಅಕ್ಕಪಕ್ಕ, ಒಂದೊಂದರ ನಡುವೆಯೂ ಒಂದು ಕೆಂಪು ಗುಂಡು. ಗೂಬೆ ದಿಟ್ಟಿಸಿ ನೋಡಿದ ಹಾಗೆ ಅದು ಕೆಳಗಿನಿಂದ ನೋಡುತ್ತಿತ್ತು. ಒಂದು ಬಗೆಯ ಕ್ಯಾನ್ಸರಿನ ಗುರುತು ಅದು, ಗೂಬೆಗಣ್ಣಿನ ಕೋಶ ಎಂದೇ ಡಾಕ್ಟರು ಅದನ್ನು ಕರೆಯುತ್ತಿದ್ದರು, ಇಪ್ಪತ್ತಾರು ವರ್ಷದಲ್ಲಿ ಅಕ್ಕ ಅದನ್ನು ಹದಿನೈದು ಇಪ್ಪತ್ತು ಜನರಲ್ಲಿ ನೋಡಿದ್ದಳು. ಪೆನ್ನು ತೆಗೆದು ಅದರ ಪಕ್ಕ ಒಂದು ಚುಕ್ಕೆ ಇಟ್ಟಳು. ಯಾಕೆ ಚುಕ್ಕೆ ಎಂದು ತಂಗಿ ಕೇಳಿದಳು. ಮತ್ತೆ ಹುಡುಕಿದರೆ ಸಿಗಲಿ ಅಂತ ಎಂದಳು ಅಕ್ಕ, ಅದೇನೂ ಸುಳ್ಳಲ್ಲ.

ತಂಗಿ ಬಗ್ಗಿ ನೋಡಿ ಕುರ್ಚಿಯಲ್ಲೇ ಕುಣಿದಳು. "ಅಕ್ಕ, ನೋಡು, ಇದು ಎರಡಾಗ್ತಾ ಇದೆ! ನಾನು ಎರಡಾಗೋದನ್ನ ನಾನೇ ನೋಡ್ತಾ ಇದ್ದೀನಿ."

ಗಂಟು ಊದಿದಾಗ ಅಲ್ಲಿನ ಕೋಶಗಳು ಬಿರುಸಾಗಿ ಎರಡೆರಡಾಗುವುದು ಸಹಜವೇ. ಅಂಥವನ್ನು ಅಕ್ಕ ದಿನಾ ನೋಡುತ್ತಿದ್ದಳು. ಇದು ಅಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು, ಅಥವಾ ಮುಕ್ಕಾಲು ಪಾಲು ಗೊತ್ತಿತ್ತು. ಉಳಿದ ಕಾಲು ಪಾಲು ಎಲ್ಲಿಂದಲೋ ಎದ್ದು ಬಂದು, ನೀನು ಚುಕ್ಕೆಯಮ್ಮ, ನಿನಗೆ ಎಲ್ಲದರಲ್ಲೂ ದೆವ್ವವೇ ಕಾಣುವುದು, ಅದರಲ್ಲೂ ಇವಳದ್ದು ಅಂದರೆ ಹಗ್ಗವೂ ಹಾವಾಗುತ್ತದೆ ಎಂದಿತು. ಹೌದು ಕಣೇ, ಎರಡಾಗ್ತಾ ಇದೆ ಎಂದು ಅವಳ ಬಾಯಿ ಅಂದುಬಿಟ್ಟಿತು.

ತಂಗಿ ಫೋನನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಹಿಡಿದು ಅದರ ಫೋಟೊ ತೆಗೆದಳು. ಎದ್ದು ಕಿಟಕಿಯ ಹತ್ತಿರ ಹೋಗಿ ಗಂಡನಿಗೆ ಫೋನು ಮಾಡಿದಳು. ಏನೂ ಇಲ್ವಂತೆ, ಅಕ್ಕನೇ ಕೂತು ನೋಡಿದಳು, ನನ್ನ ಕೋಶ ಎಷ್ಟು ಚೆನ್ನಾಗಿದೆ ಗೊತ್ತಾ ಎಂದು ನಕ್ಕಳು. ಆ ನಗು ವಾರದಿಂದ ಆ ಮನೆಯಲ್ಲಿ ಕೇಳಿಸಿರಲಿಲ್ಲ. ಅವಳು ಬೆನ್ನು ತಿರುಗಿಸಿ ನಗುತ್ತಿದ್ದಾಗ ಅಕ್ಕನ ಕೈ ಸ್ಪಿರಿಟ್ಟಿನ ಬಟ್ಟಲಿನಿಂದ ಒಂದು ಹತ್ತಿಯುಂಡೆ ತೆಗೆದು ಚುಕ್ಕೆಯನ್ನು ಒರೆಸಿತು. ಕೈ ಒರೆಸಿತು ಅಂತ ನಾನು ಹೇಳುವುದು ಮಾತಿನ ಚಂದಕ್ಕೆ, ಒರೆಸಿದ್ದು ಅಕ್ಕನೇ. ಸ್ಲೈಡು ಚುಕ್ಕೆ ಇಲ್ಲದ ತಟ್ಟೆಗೆ ಹೋಯಿತು. ಡಾಕ್ಟರು ಟೀ ಕುಡಿಯುತ್ತ ಸಹಿ ಹಾಕಿದರು.

ಗಂಟು ಕೆಲವು ತಿಂಗಳು ಇಳಿಯಿತು. ಅಕ್ಕ ದಿನಾ ಬೆಳಿಗ್ಗೆ ತಲೆ ಬಾಚುವ ನೆಪದಲ್ಲಿ ತಂಗಿಯ ಕುತ್ತಿಗೆ ಮುಟ್ಟಿ ನೋಡುತ್ತಿದ್ದಳು, ಇಳಿದಾಗ ಬದುಕಿದೆ ಅಂದುಕೊಂಡಳು. ಫೋಟೊ ಶಾಲೆಗೆ ಹೋಯಿತು. ತಂಗಿ ಅದನ್ನು ದೊಡ್ಡದು ಮಾಡಿಸಿ, ರಟ್ಟಿಗೆ ಅಂಟಿಸಿ, ತರಗತಿಯ ಗೋಡೆಗೆ ತೂಗುಹಾಕಿದಳು. ಕೆಳಗೆ ದುಂಡು ಅಕ್ಷರದಲ್ಲಿ "ನಮ್ಮ ಟೀಚರ ಜೀವಕೋಶ, ಎರಡಾಗುತ್ತಿರುವುದು" ಎಂದು ಬರೆಸಿದಳು. ಎರಡು ವರ್ಷ ಆ ತರಗತಿಗೆ ಬಂದ ಮಕ್ಕಳೆಲ್ಲ ಅದನ್ನು ನೋಡಿ ತಮ್ಮ ನೋಟುಪುಸ್ತಕದಲ್ಲಿ ಚಿತ್ರ ಬರೆದುಕೊಂಡರು.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಸಂಜೆ ಜ್ವರ ಶುರುವಾಯಿತು, ಬೆವರಿಗೆ ಹಾಸಿಗೆ ಒದ್ದೆಯಾಗತೊಡಗಿತು, ಬಳೆ ಮೊಣಕೈಗೆ ಜಾರಿತು. ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯೊಳಗೂ ಒಂದು ಗಂಟು ಸಿಕ್ಕಿತು, ಅದನ್ನು ತೆಗೆದು ನೋಡಿದರು. ರೋಗ ಅಷ್ಟರಲ್ಲಿ ಯಕೃತ್ತಿಗೂ ಮೂಳೆಯ ಮಜ್ಜೆಗೂ ಹೋಗಿತ್ತು. ಎರಡು ವರ್ಷ ಮೊದಲು ಬಂದಿದ್ದರೆ ಗುಣವಾಗುವ ಕಾಯಿಲೆಯೇ ಇದು ಎಂದು ಅಲ್ಲಿನ ಡಾಕ್ಟರು ಹೇಳಿದರು. ಬಂದಿದ್ದೆವಲ್ಲ, ಸೂಜಿ ಹಾಕಿಸಿದ್ದೆವಲ್ಲ ಎಂದು ತಂಗಿಯ ಗಂಡ ಅಂದ. ಹಾಗಾದರೆ ಆ ಹಳೆಯ ಸ್ಲೈಡು ಕಳಿಸಿ ಎಂದು ಅವರು ಪ್ರಯೋಗಾಲಯಕ್ಕೆ ಕಾಗದ ಬರೆದರು.

ಹಳೆಯ ಸ್ಲೈಡು ಹುಡುಕಿ ಕೊಡುವ ಕೆಲಸವೂ ಅಕ್ಕನದ್ದೇ. ತಗಡಿನ ಸೆಳೆಖಾನೆಗಳ ಕೋಣೆಯಲ್ಲಿ ಅದು ತನ್ನ ನಂಬರಿನ ಜಾಗದಲ್ಲೇ ಇತ್ತು. ಬೆಳಕಿಗೆ ಹಿಡಿದಳು. ಸ್ಪಿರಿಟ್ಟು ಮೇಲಿನ ಶಾಯಿಯನ್ನು ತೆಗೆದಿತ್ತು, ಆದರೆ ತೆಳುಗಾಜಿನ ಅಂಚಿನ ಕೆಳಗೆ ಇಂಗಿದ್ದ ನೀಲಿ ಹಾಗೇ ಉಳಿದಿತ್ತು, ಉಗುರಿನ ಮೊನೆಯಷ್ಟು. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು, ಗೊತ್ತಿದ್ದವಳು ಅವಳೊಬ್ಬಳೇ. ನೆಲಕ್ಕೆ ಬಿಟ್ಟರೆ ಗಾಜು ಚೂರಾಗುತ್ತದೆ, ಸ್ಲೈಡು ಒಡೆದುಹೋಯಿತು ಎಂದು ಪುಸ್ತಕದಲ್ಲಿ ಒಂದು ಸಾಲು ಬರೆದರೆ ಮುಗಿಯಿತು, ವರ್ಷಕ್ಕೆ ಹತ್ತು ಹಾಗೆ ಒಡೆಯುತ್ತವೆ. ಅವಳು ಬಹಳ ಹೊತ್ತು ನಿಂತಳು. ಒಡೆಯಲಿಲ್ಲ. ಅದು ಒಳ್ಳೆಯತನವಲ್ಲ, ಅದರಲ್ಲಿ ಇದ್ದದ್ದು ತಂಗಿ, ಅಷ್ಟೇ.

ಕಳಿಸುವ ಮೊದಲು ಪ್ರಯೋಗಾಲಯದ ದೊಡ್ಡ ಡಾಕ್ಟರು ಸ್ಲೈಡು ನೋಡಿ ನಿಟ್ಟುಸಿರು ಬಿಟ್ಟರು. ಇದೆ, ಇಡೀ ಸ್ಲೈಡಿಗೆ ಒಂದೇ ಒಂದು, ಅದೂ ಅಂಚಿನಲ್ಲಿ, ಯಾರ ಕಣ್ಣಿಗಾದರೂ ತಪ್ಪುವಂಥದ್ದು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಮ್ಮ ಎಂದರು. ವರದಿಯಲ್ಲಿ "ಅಪರೂಪ" ಎಂಬ ಪದ ಬರೆದರು. ಆ ಪದದ ನೆರಳಿನಲ್ಲಿ ಎಷ್ಟು ಜನ ಬೇಕಾದರೂ ಅಡಗಿ ಕೂರಬಹುದು. ಡಾಕ್ಟರು ತಾವೂ ಕೂತು ಅಕ್ಕನಿಗೂ ಪಕ್ಕದಲ್ಲಿ ಜಾಗ ಕೊಟ್ಟಿದ್ದರು. ಅವರಿಗೆ ಒರೆಸಿದ ಚುಕ್ಕೆಯ ವಿಷಯ ಗೊತ್ತಿರಲಿಲ್ಲ. ಅಕ್ಕ ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದಳು.

ಬೇಸಿಗೆ ಕಳೆಯುವ ಹೊತ್ತಿಗೆ ಔಷಧಿಗಳೆಲ್ಲ ಸೋತವು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿದ್ದರ ಅರ್ಥ ತಂಗಿಗೂ ಆಯಿತು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವಳ ಮಂಚ ಹಾಕಿದರು. ಅಕ್ಕ ರಜೆ ಹಾಕಿ ಕೂತಳು. ಮೈ ಒರೆಸುವುದು, ಮಗ್ಗಲು ಬದಲಿಸುವುದು, ಚಮಚದಲ್ಲಿ ಹಾಲು ಕುಡಿಸುವುದು, ಎಲ್ಲ ಅವಳೇ. ತಂಗಿ ಬೇರೆ ಯಾರ ಕೈಗೂ ಬಾಯಿ ತೆರೆಯುತ್ತಿರಲಿಲ್ಲ. ತೂಕಡಿಕೆಯಿಂದ ಎಚ್ಚರಾದರೂ ಮೊದಲ ಮಾತು "ಅಕ್ಕ". ಒಂದೊಂದು ಸಲ ಕರೆದಾಗಲೂ ಅಕ್ಕನಿಗೆ ಯಾರೋ ಮುಳ್ಳಿನಿಂದ ಚುಚ್ಚಿದ ಹಾಗಾಗುತ್ತಿತ್ತು. ಹೇಳಿಬಿಡಬೇಕು ಎಂದು ಬೆಳಿಗ್ಗೆ ನಿಶ್ಚಯಿಸುವಳು. ಸಾಯುವವಳಿಗೆ ಹೇಳಿ ಏನು ಉಪಕಾರ ಎಂದು ಸಂಜೆ ಬಿಡುವಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಆ ಥರದ ದಿನಗಳು.

ತಂಗಿ ಮಲಗಿದಲ್ಲೇ ಮಕ್ಕಳ ನೋಟುಪುಸ್ತಕ ನೋಡುತ್ತಿದ್ದಳು. ಬೇಡ ಅಂದರೆ ಕೇಳುತ್ತಿರಲಿಲ್ಲ. ಗಂಡ ವಾರಕ್ಕೊಮ್ಮೆ ಶಾಲೆಯಿಂದ ಒಂದು ಚೀಲ ತರುತ್ತಿದ್ದ, ಅವಳು ದಿನಕ್ಕೆ ಎರಡೋ ಮೂರೋ ತಿದ್ದುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ, ಗಂಡ ಬಸ್ಸಿನ ಮೇಲೆ ಹೋಗಿದ್ದಾಗ, ಅವಳು ಅಕ್ಕನನ್ನು ಕರೆದು ಒಂದು ಪುಸ್ತಕ ತೋರಿಸಿದಳು. ಒಬ್ಬ ಹುಡುಗಿ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದಿದ್ದಳು. ಕೋಶ ಎರಡಾಗಲು ಹೊರಟಾಗ ಕೋಶಕೇಂದ್ರದೊಳಗಿನ ಕಿರುಕೇಂದ್ರ ಎಂಬ ಗುಂಡು ಕರಗಿಹೋಗುತ್ತದೆ ಎಂದು ಪುಸ್ತಕದಲ್ಲಿದೆ, ನಿಮ್ಮ ಕೋಶದಲ್ಲಿ ಎರಡು ಕಡೆಯೂ ಅದು ದೊಡ್ಡದಾಗಿ ಇದೆ, ಯಾವುದು ಸರಿ ಟೀಚರ್?

"ನಾಲ್ಕು ದಿನದಿಂದ ಯೋಚಿಸ್ತಾ ಇದ್ದೀನಿ ಅಕ್ಕ, ಇವಳಿಗೆ ಏನು ಬರೀಲಿ?"

ಅಕ್ಕನಿಗೆ ಉತ್ತರ ತಟ್ಟನೆ ಹೊಳೆಯಿತು, ಅಷ್ಟು ವರ್ಷದ ಅನುಭವ ಇನ್ಯಾವುದಕ್ಕೆ. "ಕೊನೇಲಿ ಅದು ಮತ್ತೆ ಬರುತ್ತಲ್ವಾ? ಎರಡಾಗಿ ಮುಗಿಯೋ ಹೊತ್ತಿನ ಚಿತ್ರ ಅಂತ ಬರಿ."

"ನಾನೂ ಮೊದಲು ಹಾಗೇ ಅಂದ್ಕೊಂಡೆ." ತಂಗಿ ದಿಂಬಿನ ಕೆಳಗಿನಿಂದ ಫೋನು ತೆಗೆದು ಆ ಫೋಟೊ ತೋರಿಸಿದಳು. "ಮುಗಿಯೋ ಹೊತ್ತು ಅಂದ್ರೆ ನಡು ಹಿಂಡಿರಬೇಕು. ಇದು ನೋಡು, ದುಂಡಗಿದೆ. ಒಂದೇ ಮನೆ, ಇಬ್ಬರು ಯಜಮಾನಿಯರು. ಇದು ಎರಡಾಗ್ತಾ ಇಲ್ಲ. ನಿನಗೆ ಅವತ್ತು ಗೊತ್ತಾಯ್ತಾ?"

ಒಂದೇ ಒಂದು "ಇಲ್ಲ" ಸಾಕಾಗಿತ್ತು. ಡಾಕ್ಟರ ಸಹಿ ಇತ್ತು, ಅಪರೂಪ ಎಂಬ ಪದ ಇತ್ತು, ಹೊರಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಅಕ್ಕ ತಂಗಿಯ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿ, ಕಣ್ಣೆರಡೇ ಉಳಿದಿದ್ದವು.

"ಅನುಮಾನ ಬಂದಿತ್ತು" ಎಂದಳು. "ಅದಕ್ಕೇ ಚುಕ್ಕೆ ಇಟ್ಟಿದ್ದೆ."

"ನೆನಪಿದೆ ಆ ಚುಕ್ಕೆ. ಮತ್ತೆ ಡಾಕ್ಟರು ಯಾಕೆ ನೋಡಲಿಲ್ಲ?"

"ನಾನು ಒರೆಸಿಬಿಟ್ಟೆ."

"ಯಾವಾಗ?"

"ನೀನು ಫೋನಲ್ಲಿ ಮಾತಾಡ್ತಿದ್ದಾಗ."

ತಂಗಿ ನೋಟುಪುಸ್ತಕ ಮುಚ್ಚಿ ಎದೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಅಕ್ಕ ನಿಂತೇ ಇದ್ದಳು. ಸಂಜೆ ಹಾಲಿನ ಬಟ್ಟಲು ಹಿಡಿದು ಬಂದಾಗ ತಂಗಿ ತುಟಿ ಬಿಗಿಹಿಡಿದಳು. ಗಂಡ ಬಂದ ಮೇಲೆ, ಇನ್ನು ಮೇಲೆ ನೀವೇ ಕುಡಿಸಿ ಎಂದು ಅವನಿಗೆ ಹೇಳಿದಳು. ಯಾಕೆ, ಅಕ್ಕ ಇಲ್ವಾ ಎಂದು ಅವನು ಕೇಳಿದಾಗ ಅಕ್ಕ ಬಟ್ಟಲನ್ನು ಅವನ ಕೈಗೆ ಕೊಟ್ಟಳು. ಎಂಜಿನ್ನಿನ ಎಣ್ಣೆ ಹತ್ತಿದ ಆ ದಪ್ಪ ಬೆರಳುಗಳಲ್ಲಿ ಚಮಚ ಓಲಾಡಿ ಅರ್ಧ ಹಾಲು ಕುತ್ತಿಗೆಗೆ ಹರಿಯುತ್ತಿತ್ತು, ಅದನ್ನು ಒರೆಸಲು ಅಕ್ಕ ಮುಂದೆ ಬಂದರೆ ತಂಗಿ ಕಣ್ಣು ಮುಚ್ಚುತ್ತಿದ್ದಳು. ಮೂರು ದಿನ, ನಾಲ್ಕು ದಿನ, ಆ ಮನೆಯಲ್ಲಿ "ಅಕ್ಕ" ಅನ್ನುವ ಪದವೇ ಕೇಳಿಸಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಅಕ್ಕ ಕಿವಿ ಕೊಟ್ಟು ಕಾಯುತ್ತಿದ್ದಳು. ಬೈದಿದ್ದರೆ ಬೇಕಿತ್ತು, ಹೊಡೆದಿದ್ದರೆ ಇನ್ನೂ ಬೇಕಿತ್ತು.

ಐದನೆಯ ದಿನ ತಂಗಿ ಗಂಡನ ಕೈಯಲ್ಲಿ ಹೇಳಿಕಳಿಸಿ ಅವಳನ್ನು ಮಂಚದ ಹತ್ತಿರ ಕರೆಸಿಕೊಂಡಳು.

"ಆ ಚಿತ್ರ ಇನ್ನೂ ಗೋಡೆ ಮೇಲಿದೆ. ಮಕ್ಕಳು ತಪ್ಪು ಕಲೀತಾ ಇದ್ದಾರೆ. ತಪ್ಪು ಮಾಡಿದವರೇ ಹೋಗಿ ತಿದ್ದಬೇಕು. ನಾಳೆ ಮೂರನೇ ಪೀರಿಯಡ್ಡು, ಹೋಗಿ ಬನ್ನಿ."

ಬನ್ನಿ ಅಂದಳು. ನಲವತ್ತೆರಡು ವರ್ಷ ನೀನು ಅಂತಲೇ ಕರೆದ ನಾಲಿಗೆ, ದಾರಿಯಲ್ಲಿ ಸಿಕ್ಕ ಪರಿಚಯವಿಲ್ಲದ ಹೆಂಗಸಿಗೆ ಕೊಡುವ ಮರ್ಯಾದೆ ಕೊಟ್ಟಿತು. ಅಕ್ಕ ಆಗಲಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಅವಳು ತನ್ನ ನೀಲಿ ಪೆನ್ನನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋದಳು. ಬದಲಿಗೆ ಬಂದಿದ್ದ ಮೇಷ್ಟ್ರು ಹಿಂದಿನ ಬೆಂಚಿಗೆ ಹೋಗಿ ಕೂತರು. ನಲವತ್ತು ಮುಖಗಳು ಅವಳನ್ನೇ ನೋಡುತ್ತಿದ್ದವು. ಟೀಚರ ಅಕ್ಕ ಎಂದು ಯಾರೋ ಪಿಸುಗುಟ್ಟಿದರು. ಗೋಡೆಯ ಮೇಲೆ ಆ ಕೋಶ, ತಟ್ಟೆಯಗಲ, ಎರಡೂ ಕಣ್ಣು ಬಿಟ್ಟುಕೊಂಡು. ಇಪ್ಪತ್ತೆಂಟು ವರ್ಷ ಸಾವಿರಾರು ಜನರ ಒಳಗನ್ನು ನೋಡಿದವಳಿಗೆ ನಲವತ್ತು ಮಕ್ಕಳ ಮುಖ ನೋಡಲಾಗಲಿಲ್ಲ. ಸೀಮೆಸುಣ್ಣ ಹಿಡಿದು ಹಲಗೆಗೆ ತಿರುಗಿ, ನಿಜವಾಗಿ ಎರಡಾಗುವ ಕೋಶವನ್ನು ಒಂದೊಂದೇ ಹಂತವಾಗಿ ಬರೆದಳು: ಕಿರುಕೇಂದ್ರ ಕರಗುವುದು, ಪತ್ರದ ಕಟ್ಟುಗಳು ನಡುವೆ ಸಾಲುಗಟ್ಟುವುದು, ಎರಡು ಕಡೆಗೆ ಸರಿಯುವುದು, ನಡು ಹಿಂಡುವುದು. ಆಮೇಲೆ ಚಿತ್ರದ ಹತ್ತಿರ ಹೋಗಿ, ಇದು ಹಾಗಲ್ಲ ಎಂದಳು. ಇದರಲ್ಲಿ ಯಜಮಾನಿ ಎರಡಾಗಿದ್ದಾಳೆ, ಮನೆ ಎರಡಾಗಿಲ್ಲ. ಇದು ಕಾಯಿಲೆಯ ಕೋಶ. ನಿಮ್ಮ ಟೀಚರಿಗೆ ಬಂದಿರೋ ಕಾಯಿಲೆ ಇದೇ. ಇದನ್ನು ಎರಡು ವರ್ಷದ ಹಿಂದೆ ನೋಡಿದವಳು ನಾನು. ಹೀಗೆ ಪಕ್ಕದಲ್ಲಿ ಚುಕ್ಕೆ ಇಟ್ಟೆ ಎಂದು ಪೆನ್ನು ತೆಗೆದು ಒಂದು ಚುಕ್ಕೆ ಇಟ್ಟಳು. ಇಟ್ಟು, ಒರೆಸಿದೆ. ಒರೆಸದೆ ಇದ್ದಿದ್ದರೆ ಟೀಚರು ಈಗ ಇಲ್ಲಿ ನಿಂತಿರುತ್ತಿದ್ದರು.

ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು, ಎರಡು ಜಡೆಯವಳು, ಆ ಪ್ರಶ್ನೆ ಬರೆದವಳು ಅವಳೇ ಇರಬೇಕು.

"ಯಾಕೆ ಒರೆಸಿದ್ರಿ?"

ಕೇಳಿದ್ದು ಸಿಟ್ಟಿನಿಂದಲ್ಲ; ಆ ತರಗತಿಯ ನಿಯಮವೇ ಹಾಗೆ, ತಿದ್ದಿದವರು ಕಾರಣ ಹೇಳಬೇಕು. ಅಕ್ಕ ದಾರಿಯುದ್ದಕ್ಕೂ ಕಾರಣಗಳನ್ನು ಜೋಡಿಸಿಕೊಂಡೇ ಬಂದಿದ್ದಳು. ಸಿಡುಬಿನ ಮುಖ ಅಂದ ಡಾಕ್ಟರು, ಚುಕ್ಕೆಯಮ್ಮ ಅಂದ ಜನ, ರಜೆ ಹಾಕಿದ ಇನ್ನೊಬ್ಬಾಕೆ. ಎಲ್ಲವೂ ನಿಜವೇ. ಬಾಯಿ ತೆರೆದಾಗ ಅವುಗಳಲ್ಲಿ ಒಂದೂ ಕಾರಣವಾಗಿ ಉಳಿಯಲಿಲ್ಲ.

"ಅವಳು ನಗ್ತಾ ಇದ್ದಳು" ಎಂದಳು.

ಹುಡುಗಿ ಕೂತಳು. ಯಾರೋ ನೋಟುಪುಸ್ತಕ ತೆರೆದು ಚಿತ್ರವನ್ನು ರಬ್ಬರಿನಿಂದ ಉಜ್ಜತೊಡಗಿದರು, ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಅಕ್ಕ ಹೊರಗೆ ಬರುವವರೆಗೂ ಆ ಸದ್ದು ಬರುತ್ತಲೇ ಇತ್ತು.

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ತಂಗಿ ಎಚ್ಚರವಾಗಿಯೇ ಇದ್ದಳು, ಕಾಯುತ್ತಿದ್ದಳು ಎಂದು ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಉಸಿರಾಡುವುದೇ ಈಗ ಅವಳಿಗೆ ಒಂದು ದುಡಿಮೆಯಾಗಿತ್ತು. ಗಂಡ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದ. ಅಕ್ಕ ಬಾಗಿಲಲ್ಲೇ ನಿಂತು, ತಿದ್ದಿ ಬಂದೆ ಎಂದಳು. ಯಾರಾದರೂ ಏನಾದರೂ ಕೇಳಿದರೇ ಎಂದು ತಂಗಿ ಕೇಳಿದಳು. ಯಾಕೆ ಒರೆಸಿದಿರಿ ಎಂದು ಒಬ್ಬಳು ಕೇಳಿದಳು ಎಂದು ಅಕ್ಕ ಹೇಳಿದಳು.

"ಏನು ಹೇಳಿದ್ರಿ?"

"ಅವಳು ನಗ್ತಾ ಇದ್ದಳು ಅಂದೆ."

ತಂಗಿಯ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಗಂಡ ಒರೆಸಲು ಹೋದ, ಅವಳು ಬೇಡವೆಂದು ತಲೆಯಾಡಿಸಿ ಅಕ್ಕನನ್ನೇ ನೋಡಿದಳು.

"ಉತ್ತರ ಸರಿ" ಎಂದಳು. ಇನ್ನೊಂದು ಉಸಿರು ಎಳೆದುಕೊಳ್ಳಲು ಅವಳಿಗೆ ತುಂಬ ಹೊತ್ತು ಬೇಕಾಯಿತು. "ಗಂಟೆ ಹೊಡೆದುಹೋಯ್ತಲ್ಲ, ಅಕ್ಕ."